ಡೈನಮೋ ಇಳಿಸಿ ಆಲ್ಟರ್ನೇಟರ್ ಕೂರಿಸುವುದು: ಹಳೆ ಅಂಬಾಸಿಡರ್ ಇಟ್ಟುಕೊಂಡವರಿಗೆ

ಡೈನಮೋ ಕೆಟ್ಟ ಯಂತ್ರವೇನಲ್ಲ. ಖಾಲಿ ರಸ್ತೆಯಲ್ಲಿ ಒಂದೇ ಹದದಲ್ಲಿ ಓಡುತ್ತಿದ್ದರೆ ಅದು ಇವತ್ತಿಗೂ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಗಾಡಿ ನಿಂತಾಗಲೇ ತೊಂದರೆ. ಹಳೆಯ ಮಾರ್ಕ್ ಮಾದರಿಯ ಪೆಟ್ರೋಲ್ ಅಂಬಾಸಿಡರ್‌ಗಳಲ್ಲಿ 1489 ಸಿಸಿಯ ಬಿಎಂಸಿ ಎಂಜಿನ್ನಿನ ಪಕ್ಕಕ್ಕೆ ಕುಳಿತಿರುವುದು ಲೂಕಾಸ್ ವಿನ್ಯಾಸದ ಡೈನಮೋ. ಆ ಮನೆತನದ ಸಿ40 ಹೆಚ್ಚೆಂದರೆ 22 ಆಂಪಿಯರ್ ಕೊಡುತ್ತದೆ, ಅದೂ ಡೈನಮೋ ನಿಮಿಷಕ್ಕೆ ಎರಡು ಸಾವಿರ ಸುತ್ತು ದಾಟಿದ ಮೇಲೆ. ಸುಮಾರು 1,450 ಸುತ್ತಿಗಿಂತ ಕೆಳಗೆ ಅದರಿಂದ ಬ್ಯಾಟರಿಗೆ ಬರುವುದು ಸೊನ್ನೆ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಡೈನಮೋ ಆ ವೇಗ ಮುಟ್ಟುವುದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುವುದು ಅದಕ್ಕೇ.

ಮಳೆಗಾಲದ ಒಂದು ಸಂಜೆಯ ಲೆಕ್ಕ ಹಾಕಿ. 55 ವ್ಯಾಟಿನ ಎರಡು ಹೆಡ್‌ಲೈಟ್‌ಗೆ 9 ಆಂಪ್. ಪಾರ್ಕಿಂಗ್ ದೀಪ, ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ, ಮೀಟರಿನ ದೀಪ ಎಲ್ಲ ಸೇರಿ ಎರಡೂವರೆ. ಇಗ್ನಿಷನ್ ಕಾಯಿಲ್‌ಗೆ ಮೂರು ಮೂರೂವರೆ. ವೈಪರಿಗೆ ಮೂರು. ಬ್ರೇಕ್ ಒತ್ತಿಕೊಂಡು ನಿಂತರೆ ಇನ್ನೂ ಮೂರೂವರೆ. ಇಪ್ಪತ್ತೊಂದು ಇಪ್ಪತ್ತೆರಡು ಆಂಪ್ ಆಯಿತು. ಡೈನಮೋ ಪೂರಾ ಕೊಟ್ಟರೂ ಕೈಗೂ ಬಾಯಿಗೂ ಸಾಲದ ಸಂಸಾರ. ಟ್ರಾಫಿಕ್ಕಿನಲ್ಲಿ ಅಷ್ಟನ್ನೂ ಬ್ಯಾಟರಿಯೇ ಹೊರಬೇಕು. ಅರ್ಧ ಗಂಟೆ ತೆವಳಿದರೆ ಹತ್ತು ಆಂಪಿಯರ್ ಅವರ್ ಖಾಲಿ. ಮಾರನೆಯ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಟಕ್ ಎಂದು ಸುಮ್ಮನಾದರೆ ತಪ್ಪು ಬ್ಯಾಟರಿಯದ್ದಲ್ಲ.

ಆಲ್ಟರ್ನೇಟರ್ ಈ ಕಷ್ಟವನ್ನು ಬುಡದಲ್ಲೇ ಬಗೆಹರಿಸುತ್ತದೆ. ಡೈನಮೋದಲ್ಲಿ ವಿದ್ಯುತ್ ಹುಟ್ಟುವುದು ತಿರುಗುವ ಆರ್ಮೇಚರ್‌ನಲ್ಲಿ. ಹುಟ್ಟಿದ್ದಷ್ಟೂ ಕಾರ್ಬನ್ ಬ್ರಷ್ ಮೂಲಕವೇ ಹೊರಗೆ ಬರಬೇಕು. ಆದ್ದರಿಂದ ಅದನ್ನು ತೀರಾ ಜೋರಾಗಿ ತಿರುಗಿಸುವ ಹಾಗಿಲ್ಲ, ಅದರಿಂದ ಹೆಚ್ಚು ಹೊರೆ ಎಳೆಯುವ ಹಾಗೂ ಇಲ್ಲ. ಆಲ್ಟರ್ನೇಟರ್‌ನಲ್ಲಿ ವಿದ್ಯುತ್ ಹುಟ್ಟುವುದು ಅಲ್ಲಾಡದೆ ಕುಳಿತ ಸ್ಟೇಟರ್‌ನಲ್ಲಿ. ಬ್ರಷ್‌ಗಳ ಮೂಲಕ ರೋಟರ್‌ಗೆ ಹೋಗುವುದು ಎರಡು ಮೂರು ಆಂಪ್ ಮಾತ್ರ. ಹೀಗಾಗಿ ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು, ಐಡಲಿಂಗ್‌ನಲ್ಲೂ ಚಾರ್ಜ್ ಸಿಗುತ್ತದೆ. ಅಲ್ಲಿ ಹುಟ್ಟುವ ಎಸಿಯನ್ನು ಡಿಸಿ ಮಾಡಲು ಸಿಲಿಕಾನ್ ಡಯೋಡ್ ಬೇಕಿತ್ತು. ಅವು ಸಣ್ಣದಾಗಿ, ಅಗ್ಗವಾಗಿ ಸಿಗತೊಡಗಿದ ಮೇಲೆಯೇ ಇದು ಸಾಮಾನ್ಯ ಕಾರಿಗೆ ಬಂತು. ಅಮೆರಿಕದ ಕ್ರೈಸ್ಲರ್ 1960ರ ವ್ಯಾಲಿಯಂಟ್‌ನಲ್ಲಿ ಆಲ್ಟರ್ನೇಟರ್ ಕೊಟ್ಟಿತು. ನಮ್ಮ ಅಂಬಾಸಿಡರ್, ಪದ್ಮಿನಿಗಳು ಅದಾದ ಮೇಲೂ ಬಹಳ ಕಾಲ ಡೈನಮೋವನ್ನೇ ನಂಬಿಕೊಂಡಿದ್ದವು.

ಈ ಕೆಲಸಕ್ಕೆ ಕೈಹಾಕುವ ಹೊಸಬರು ಒಂದು ಮಾತು ಮನಸ್ಸಿನಲ್ಲಿಡಬೇಕು. ಯಂತ್ರ ಬದಲಿಸುವುದು ಸಣ್ಣ ಕೆಲಸ. ನಾಲ್ಕು ಬೋಲ್ಟು, ಒಂದು ಬೆಲ್ಟು. ಆ ಯಂತ್ರದಿಂದ ಹೊರಡುವ ಕರೆಂಟು ಬ್ಯಾಟರಿ ಮುಟ್ಟಿ, ಬಾಡಿಯ ಮೂಲಕ ವಾಪಸ್ ಬರುವ ದಾರಿಯನ್ನು ಸರಿಪಡಿಸುವುದೇ ನಿಜವಾದ ಕೆಲಸ. ತುಕ್ಕು ಹಿಡಿದ ಅರ್ಧ ಇಂಚಿನ ಪೈಪಿಗೆ ಹೊಸ ಬೋರ್‌ವೆಲ್ ಮೋಟಾರು ಹಚ್ಚಿದರೆ ಏನಾಗುತ್ತದೋ, ಹಳೆಯ ವೈರಿಗೆ ಆಲ್ಟರ್ನೇಟರ್ ಹಚ್ಚಿದರೂ ಅದೇ. ವ್ಯತ್ಯಾಸವೆಂದರೆ ಇಲ್ಲಿ ಸೋರುವುದು ನೀರಲ್ಲ, ಬಿಸಿ.

ಇಲ್ಲಿ ಹೇಳುವುದೆಲ್ಲ 12 ವೋಲ್ಟಿನ ಪೆಟ್ರೋಲ್ ಗಾಡಿಗೆ. ಇಸುಜು 1800 ಎಂಜಿನ್ನಿನ ಅಂಬಾಸಿಡರ್ ಇದ್ದವರಿಗೆ ಆಲ್ಟರ್ನೇಟರ್ ಕಂಪನಿಯಿಂದಲೇ ಬಂದಿರುತ್ತದೆ, ಅವರು ಮುಂದೆ ಓದಬೇಕಿಲ್ಲ.

ಹಂತ 1: ಗಾಡಿಯ ಅರ್ತ್ ಯಾವುದು?

ಸ್ಪ್ಯಾನರ್ ಹಿಡಿಯುವ ಮೊದಲು ಬ್ಯಾಟರಿ ನೋಡಿ. ಬಾಡಿಗೆ ಹೋಗಿರುವ ದಪ್ಪ ಕೇಬಲ್ ಬ್ಯಾಟರಿಯ ಯಾವ ಕಂಬದಿಂದ ಹೊರಟಿದೆ? ಮೈನಸ್‌ನಿಂದಾದರೆ ಸರಿ, ಮುಂದಿನ ಹಂತಕ್ಕೆ ಹೋಗಿ. ಪ್ಲಸ್‌ನಿಂದ ಹೊರಟಿದ್ದರೆ ನಿಮ್ಮದು ಪಾಸಿಟಿವ್ ಅರ್ತ್ ಗಾಡಿ. ಐವತ್ತರ ದಶಕದ ಬ್ರಿಟಿಷ್ ಕಾರುಗಳಲ್ಲಿ ಇದೇ ವಾಡಿಕೆ. ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕೂಡ ಹಾಗೆಯೇ ಇತ್ತು. ಪದ್ಮಿನಿಯವರಿಗೆ ಈ ತಲೆನೋವಿಲ್ಲ, ಫಿಯಟ್ ವಂಶ ನೆಗೆಟಿವ್ ಅರ್ತ್‌ನದು. ಆದರೂ ಒಮ್ಮೆ ಕಣ್ಣಾರೆ ನೋಡಿ. ನಲವತ್ತು ವರ್ಷದಲ್ಲಿ ಯಾವ ಗ್ಯಾರೇಜಿನಲ್ಲಿ ಯಾರು ಏನು ಮಾಡಿದ್ದಾರೋ ಬಲ್ಲವರಾರು?

ಮಾರುಕಟ್ಟೆಯಲ್ಲಿ ಸಿಗುವ ಆಲ್ಟರ್ನೇಟರ್‌ಗಳೆಲ್ಲ ಹೆಚ್ಚುಕಡಿಮೆ ನೆಗೆಟಿವ್ ಅರ್ತ್‌ಗೆ ಮಾಡಿದವು. ಉಲ್ಟಾ ಕೊಟ್ಟರೆ ಡಯೋಡ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗುತ್ತವೆ. ಆದ್ದರಿಂದ ಪಾಸಿಟಿವ್ ಅರ್ತ್ ಗಾಡಿಯನ್ನು ಮೊದಲು ತಿರುಗಿಸಿಕೊಳ್ಳಬೇಕು. ಬ್ಯಾಟರಿಯನ್ನು ತಿರುಗಿಸಿ ಕೂರಿಸಿ, ಬಾಡಿಯ ಕೇಬಲನ್ನು ಮೈನಸ್‌ಗೆ ಕೊಡಿ. ಬ್ಯಾಟರಿಯ ಪ್ಲಸ್ ಕಂಬ ಮೈನಸ್‌ಗಿಂತ ಸ್ವಲ್ಪ ದಪ್ಪ, ಹಾಗಾಗಿ ಹಳೆಯ ಕ್ಲಾಂಪುಗಳು ಅದಲುಬದಲಾಗಿ ಸರಿಯಾಗಿ ಕೂರುವುದಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಬದಲು ಹೊಸ ಕ್ಲಾಂಪು ಹಾಕಿ. ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರುಗಳನ್ನು ಅದಲುಬದಲು ಮಾಡಿ. ಮಾಡದಿದ್ದರೂ ಎಂಜಿನ್ ಓಡುತ್ತದೆ, ಆದರೆ ಪ್ಲಗ್ಗಿನಲ್ಲಿ ಕಿಡಿಯ ಶಕ್ತಿ ಕುಂದುತ್ತದೆ. ಆಂಪ್ ಮೀಟರ್ ಇದ್ದರೆ ಅದರ ವೈರುಗಳನ್ನೂ ತಿರುಗಿಸಿ. ಸೆಲ್ಫ್ ಮೋಟಾರಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಅದು ಯಾವ ಕಡೆಯಿಂದ ಕೊಟ್ಟರೂ ಒಂದೇ ದಿಕ್ಕಿಗೆ ತಿರುಗುತ್ತದೆ. ಮ್ಯಾಗ್ನೆಟ್ ಇರುವ ಸಣ್ಣ ಮೋಟಾರುಗಳು, ಅಂದರೆ ಹೊರಗಿನಿಂದ ತಂದು ಹಾಕಿದ ಫ್ಯಾನ್ ಮುಂತಾದವು, ಉಲ್ಟಾ ತಿರುಗುತ್ತವೆ. ರೇಡಿಯೋ, ಎಲೆಕ್ಟ್ರಾನಿಕ್ ಸಾಮಾನುಗಳನ್ನು ಮೊದಲೇ ಬಿಚ್ಚಿಡಿ.

ಹಂತ 2: ಯಾವ ಆಲ್ಟರ್ನೇಟರ್?

ಹೊಸಬರು ಎಡವುವುದು ಆಸೆಯಲ್ಲಿ. 90 ಆಂಪಿನದು ಸಿಗುತ್ತಿದೆ, ತಂದು ಹಾಕೋಣ ಎನ್ನುವವರೇ ಹೆಚ್ಚು. ಬೇಡ. ನಿಮ್ಮ ಗಾಡಿಯ ಒಟ್ಟು ಹೊರೆ 22 ಆಂಪ್. ಅದರ ಮೇಲೆ ಮೊಬೈಲ್ ಚಾರ್ಜರ್, ಸ್ಟೀರಿಯೋ, ಖಾಲಿಯಾದ ಬ್ಯಾಟರಿ ತುಂಬಲು ಸ್ವಲ್ಪ ಸೇರಿಸಿದರೆ 35ರಿಂದ 45 ಆಂಪಿನ ಆಲ್ಟರ್ನೇಟರ್ ಧಾರಾಳ. ದೊಡ್ಡದು ಹಾಕಿದರೆ ಒಂಟಿ ವಿ ಬೆಲ್ಟ್ ಜಾರುತ್ತದೆ, ಕೇಬಲ್ ದಪ್ಪ ಬೇಕಾಗುತ್ತದೆ, ಬ್ರಾಕೆಟ್ಟಿನ ಮೇಲೆ ಭಾರ ಬೀಳುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ದಾರಿ ಮೂರು. ಹಳೆಯ ಮಾರುತಿ 800 ಅಥವಾ ಓಮ್ನಿಯ ಆಲ್ಟರ್ನೇಟರ್ ಮೊದಲನೆಯದು. ಚಿಕ್ಕದು, ಹಗುರ, ರೆಗ್ಯುಲೇಟರ್ ಒಳಗೇ ಇರುತ್ತದೆ, ಕೆಟ್ಟರೆ ಯಾವ ಊರಿನಲ್ಲೂ ಬ್ರಷ್ ಸಿಗುತ್ತದೆ. ನನ್ನ ಓಟು ಇದಕ್ಕೇ. ಎರಡನೆಯದು ಲೂಕಾಸ್ ಎಸಿಆರ್ ಸರಣಿಯ ಹಳೆಯ ಘಟಕಗಳು. 16ಎಸಿಆರ್ 34 ಆಂಪಿನದು, 17ಎಸಿಆರ್ 36 ಆಂಪಿನದು. ಬಿಎಂಸಿ ಎಂಜಿನ್ನಿಗೆ ಚೆನ್ನಾಗಿ ಹೊಂದುತ್ತವೆ, ಆದರೆ ಒಳ್ಳೆಯ ಸ್ಥಿತಿಯಲ್ಲಿರುವುದನ್ನು ಹುಡುಕಬೇಕು. ಮೂರನೆಯದು ನೋಡಲು ಡೈನಮೋದಂತೆಯೇ ಇದ್ದು ಒಳಗೆ ಆಲ್ಟರ್ನೇಟರ್ ಇರುವ ಘಟಕ. ಬ್ರಿಟನ್ನಿನಲ್ಲಿ ಹಳೆ ಕಾರಿನವರಿಗಾಗಿಯೇ ಇದನ್ನು ಮಾಡುತ್ತಾರೆ. ಬಾನೆಟ್ ಎತ್ತಿದರೂ ಯಾರಿಗೂ ಗೊತ್ತಾಗುವುದಿಲ್ಲ, ಜೇಬಿಗೆ ಮಾತ್ರ ಗೊತ್ತಾಗುತ್ತದೆ.

ಬೆಂಗಳೂರಿನವರಾದರೆ ಹೊಸದಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. ಗುಜರಿಯಲ್ಲಿ ಕೊಳ್ಳುವಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಶಾಫ್ಟ್ ಹಿಡಿದು ಅಲ್ಲಾಡಿಸಿ, ಅದು ಅಲ್ಲಾಡಬಾರದು. ಆಮೇಲೆ ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಒಂದು ಕಡ್ಡಿಯನ್ನು ದೊಡ್ಡ ಬಿ ಟರ್ಮಿನಲ್ಲಿಗೆ, ಇನ್ನೊಂದನ್ನು ಬಾಡಿಗೆ ಮುಟ್ಟಿಸಿ. ಕಡ್ಡಿ ಅದಲುಬದಲು ಮಾಡಿ ಮತ್ತೆ ನೋಡಿ. ಒಂದು ಕಡೆ ಒಂದು ವೋಲ್ಟಿನ ಆಸುಪಾಸು ತೋರಿಸಿ, ಇನ್ನೊಂದು ಕಡೆ ಏನೂ ತೋರಿಸದಿದ್ದರೆ ಒಳ್ಳೆಯ ಲಕ್ಷಣ. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಡಯೋಡ್ ಸತ್ತಿದೆ, ಅಂಗಡಿಯವನು ಎಷ್ಟು ಇಳಿಸಿದರೂ ತೆಗೆದುಕೊಳ್ಳಬೇಡಿ.

ಪುಲ್ಲಿ ಮರೆಯಬೇಡಿ. ಹೊಸ ಗಾಡಿಗಳ ಆಲ್ಟರ್ನೇಟರ್‌ನಲ್ಲಿ ಅಗಲ ಪಟ್ಟಿಯ ಹಲವು ಗೆರೆಗಳ ಪುಲ್ಲಿ ಇರುತ್ತದೆ. ನಿಮಗೆ ಬೇಕಾದ್ದು ಒಂಟಿ ವಿ ಆಕಾರದ್ದು.

ಹಂತ 3: ಬಿಚ್ಚುವುದು

ಬ್ಯಾಟರಿಯಲ್ಲಿ ಬಾಡಿಯ ಕಡೆಯ ಕೇಬಲನ್ನು ಮೊದಲು ಕಳಚಿ. ಡೈನಮೋ, ಅದರ ಚಾರ್ಜನ್ನು ಹದದಲ್ಲಿಡುವ ಕಟೌಟ್ ಪೆಟ್ಟಿಗೆ, ಸೆಲ್ಫ್ ಮೋಟಾರಿಗೆ ಕರೆಂಟು ಕೊಡುವ ಸೊಲಿನಾಯ್ಡ್, ಈ ಮೂರರ ಫೋಟೋ ತೆಗೆದುಕೊಳ್ಳಿ. ಪ್ರತಿ ವೈರಿಗೂ ಕಾಗದದ ಟೇಪು ಸುತ್ತಿ, ಅದು ಎಲ್ಲಿಂದ ಬಂತೋ ಆ ಟರ್ಮಿನಲ್ಲಿನ ಅಕ್ಷರವನ್ನು ಬರೆಯಿರಿ. ಲೂಕಾಸ್ ಕ್ರಮದಲ್ಲಿ ಬಣ್ಣಗಳಿಗೆ ಅರ್ಥವಿದೆ: ಕಂದು ಎಂದರೆ ಬ್ಯಾಟರಿಯ ಮುಖ್ಯ ವೈರು, ಕಂದಿನ ಮೇಲೆ ಹಳದಿ ಗೆರೆ ಡೈನಮೋದ ಡಿ ಟರ್ಮಿನಲ್ಲಿನದು, ಕಂದಿನ ಮೇಲೆ ಹಸಿರು ಗೆರೆ ಎಫ್‌ನದು, ಬಿಳಿ ಇಗ್ನಿಷನ್ ಕೀಯದು. ಆದರೆ ಗಾಡಿ ಒಂದೆರಡು ಸಲ ರೀವೈರಿಂಗ್ ಆಗಿದ್ದರೆ ಬಣ್ಣ ನಂಬಬೇಡಿ. ಅಂಗಡಿಯಲ್ಲಿ ಯಾವ ಸುರುಳಿ ಉಳಿದಿತ್ತೋ ಅದನ್ನೇ ಎಳೆದಿರುತ್ತಾರೆ. ಮೀಟರಿನಲ್ಲಿ ಬೀಪ್ ಹಿಡಿದು ಎರಡೂ ತುದಿ ಖಾತ್ರಿ ಮಾಡಿಕೊಳ್ಳಿ.

ಡೈನಮೋದಲ್ಲಿ ಎರಡೇ ವೈರು: ದೊಡ್ಡ ಟರ್ಮಿನಲ್ ಡಿ, ಸಣ್ಣದು ಎಫ್. ಎರಡನ್ನೂ ಕಳಚಿ, ಬೆಲ್ಟ್ ಬಿಗಿ ಮಾಡುವ ಪಟ್ಟಿಯ ಬೋಲ್ಟ್ ಸಡಿಲಿಸಿ, ಬೆಲ್ಟ್ ತೆಗೆದು, ಉಳಿದ ಎರಡು ಬೋಲ್ಟ್ ಬಿಚ್ಚಿ. ಕೊನೆಯ ಬೋಲ್ಟ್ ಬಿಚ್ಚುವಾಗ ಕೆಳಗೆ ಕೈ ಕೊಟ್ಟಿರಿ. ಒಳಗೆಲ್ಲ ತಾಮ್ರ ಮತ್ತು ಕಬ್ಬಿಣ, ಕಂಡದ್ದಕ್ಕಿಂತ ಭಾರ.

ಹಂತ 4: ಬ್ರಾಕೆಟ್, ಪುಲ್ಲಿ, ಬೆಲ್ಟ್

ಡೈನಮೋ ಉದ್ದ, ಆಲ್ಟರ್ನೇಟರ್ ಗಿಡ್ಡ. ಡೈನಮೋದ ಎರಡು ಕಿವಿಗಳ ನಡುವೆ ಇದ್ದ ಅಂತರ ಆಲ್ಟರ್ನೇಟರ್‌ನಲ್ಲಿ ಇರುವುದಿಲ್ಲ. ಮುಂದಿನ ಕಿವಿಯನ್ನು ಎಂಜಿನ್ನಿನ ಮುಂದಿನ ಕಿವಿಗೆ ಸೇರಿಸಿ, ಹಿಂದೆ ಉಳಿಯುವ ಜಾಗಕ್ಕೆ ಲೇತ್ ಅಂಗಡಿಯಲ್ಲಿ ಉಕ್ಕಿನ ಸ್ಪೇಸರ್ ಮಾಡಿಸಬೇಕು. ಅಳತೆ ಕೂದಲೆಳೆಯಷ್ಟೂ ತಪ್ಪಬಾರದು. ಎರಡು ಮಿಲಿಮೀಟರ್ ಸಂದು ಉಳಿದರೂ, ಬೋಲ್ಟ್ ಬಿಗಿದಾಗ ಆಲ್ಟರ್ನೇಟರ್‌ನ ಅಲ್ಯೂಮಿನಿಯಂ ಕಿವಿ ಬಾಗುತ್ತದೆ, ಕೆಲವು ದಿನ ಅದುರಿ ಅದುರಿ ಮುರಿಯುತ್ತದೆ. ಸಂದಿಗೆ ವಾಷರ್ ತುಂಬಿಸಿ ಕೈತೊಳೆದುಕೊಳ್ಳುವ ಮೆಕ್ಯಾನಿಕ್‌ಗೆ ಬೇಡ ಎನ್ನಿ. ಡೈನಮೋ ಕೂರುತ್ತಿದ್ದ ಮೂಲ ಬ್ರಾಕೆಟ್ಟನ್ನು ಕೊಯ್ಯುವುದೂ ಬೇಡ, ಬೇರೆಯದೊಂದನ್ನು ಮಾಡಿಸಿ. ಬೆಲ್ಟ್ ಬಿಗಿಯುವ ಪಟ್ಟಿ ಸಾಮಾನ್ಯವಾಗಿ ಉದ್ದ ಸಾಲುವುದಿಲ್ಲ, ಅದನ್ನೂ ಹೊಸದಾಗಿ ಮಾಡಿಸಬೇಕಾಗುತ್ತದೆ.

ಮೂರು ಪುಲ್ಲಿಗಳು, ಅಂದರೆ ಕ್ರ್ಯಾಂಕಿನದು, ವಾಟರ್ ಪಂಪಿನದು, ಆಲ್ಟರ್ನೇಟರ್‌ನದು, ಒಂದೇ ಗೆರೆಯಲ್ಲಿರಬೇಕು. ನೇರವಾದ ಒಂದು ಉಕ್ಕಿನ ಪಟ್ಟಿಯನ್ನು ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿದು ನೋಡಿ. ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೆಲ್ಟ್ ಕಿರುಚುತ್ತದೆ, ಅಂಚು ಸವೆದು ದಾರ ದಾರವಾಗುತ್ತದೆ. ಈ ಒಂದು ಕೆಲಸಕ್ಕೆ ಅರ್ಧ ದಿನ ಹೋದರೂ ಹೋಗಲಿ.

ಪುಲ್ಲಿಯ ಗಾತ್ರವೂ ಮುಖ್ಯ. ಅಂಬಾಸಿಡರ್ ಎಂಜಿನ್ ನಿಧಾನಸ್ಥ, ಐಡಲಿಂಗ್‌ನಲ್ಲಿ ಏಳುನೂರರ ಆಸುಪಾಸು ಸುತ್ತು. ಕ್ರ್ಯಾಂಕಿನ ಪುಲ್ಲಿ ಆಲ್ಟರ್ನೇಟರ್ ಪುಲ್ಲಿಯ ಎರಡು ಪಟ್ಟು ವ್ಯಾಸದ್ದಾಗಿದ್ದರೆ ಆಲ್ಟರ್ನೇಟರ್‌ಗೆ 1,400 ಸುತ್ತು ಸಿಗುತ್ತದೆ, ಚಾರ್ಜ್ ಶುರುವಾಗಲು ಅಷ್ಟು ಸಾಕು. ಹಳೆಯ ಡೈನಮೋದ ದೊಡ್ಡ ಪುಲ್ಲಿಯನ್ನೇ ಉಳಿಸಿಕೊಂಡರೆ ಹಣ ಉಳಿಯುತ್ತದೆ, ಆದರೆ ಐಡಲಿಂಗ್‌ನಲ್ಲಿ ಮತ್ತೆ ಕೆಂಪು ದೀಪವೇ ಗತಿ. ಅಷ್ಟಕ್ಕೆ ಇಷ್ಟೆಲ್ಲ ಪಾಡು ಏಕೆ? ಸಣ್ಣ ಪುಲ್ಲಿ ಹಾಕಿ, ಆದರೆ ಅದರ ತೋಡು ನಿಮ್ಮ ಬೆಲ್ಟಿನ ಅಗಲಕ್ಕೆ ಹೊಂದಬೇಕು. ವಿ ಬೆಲ್ಟ್ ಹಿಡಿತ ಸಾಧಿಸುವುದು ಎರಡು ಪಕ್ಕಗಳಿಂದ. ಅದು ತಳ ಮುಟ್ಟಿ ಕುಳಿತರೆ ಎಷ್ಟು ಬಿಗಿದರೂ ಜಾರುತ್ತದೆ.

ಬೆಲ್ಟಿನ ಉದ್ದವನ್ನು ಆಲ್ಟರ್ನೇಟರ್ ಕೂರಿಸಿದ ಮೇಲೆ ದಾರದಲ್ಲಿ ಅಳೆದು ಕೊಳ್ಳಿ. ಅತಿ ಉದ್ದದ ಎಡೆಯಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಇಂಚು ತಗ್ಗಿದರೆ ಬಿಗಿ ಸರಿಯಿದೆ. ಬಿಗಿ ಮಾಡಲು ಸನ್ನೆಕೋಲು ಹಾಕುವಾಗ ಆಲ್ಟರ್ನೇಟರ್‌ನ ಮುಂಭಾಗಕ್ಕೆ ಒತ್ತಿ, ಹಿಂಭಾಗಕ್ಕಲ್ಲ. ಬಾನೆಟ್ ಮುಚ್ಚಿ ತೆರೆದು, ರೇಡಿಯೇಟರ್ ಪೈಪು, ಫ್ಯಾನು ಯಾವುದಕ್ಕೂ ತಾಗದೆಂದು ನೋಡಿಕೊಳ್ಳಿ.

ಹಂತ 5: ದಪ್ಪ ಕೇಬಲ್

ಕೆಲಸದ ಜೀವ ಇರುವುದು ಇಲ್ಲಿ. ಡೈನಮೋದ ಡಿ ಟರ್ಮಿನಲ್ಲಿನಿಂದ ಕಟೌಟ್‌ವರೆಗೆ ಹೋಗುವ ಹಳೆಯ ವೈರು 22 ಆಂಪಿಗೆ ಅಳೆದು ಹಾಕಿದ್ದು, ಅದೂ ದಶಕಗಳ ಹಿಂದೆ. ಅದಕ್ಕೇ ಆಲ್ಟರ್ನೇಟರ್ ಜೋಡಿಸಿ "ಚಾರ್ಜ್ ಬಂತು ನೋಡಿ ಸಾರ್" ಎನ್ನುವುದು ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯ. ಚಾರ್ಜೇನೋ ಬರುತ್ತದೆ. ಬ್ಯಾಟರಿ ಪೂರಾ ಇಳಿದ ಒಂದು ದಿನ ಆಲ್ಟರ್ನೇಟರ್ ತನ್ನ 45 ಆಂಪನ್ನೂ ಒಮ್ಮೆಗೇ ಸುರಿದಾಗ ವೈರಿನ ಹೊದಿಕೆ ಕರಗುತ್ತದೆ.

ಆಲ್ಟರ್ನೇಟರ್‌ನ ಬಿ ಟರ್ಮಿನಲ್ಲಿನಿಂದ ಸೊಲಿನಾಯ್ಡ್‌ನ ಬ್ಯಾಟರಿ ಕಡೆಯ ಬೋಲ್ಟಿಗೆ ನೇರವಾಗಿ ಹೊಸ ತಾಮ್ರದ ಕೇಬಲ್ ಎಳೆಯಿರಿ. 45 ಆಂಪಿನದಕ್ಕೆ 10 ಚದರ ಮಿಲಿಮೀಟರ್ ಕೇಬಲ್ ಸಾಕು. ಎರಡೂ ತುದಿಗೆ ತಾಮ್ರದ ಲಗ್ ಹಾಕಿ ಯಂತ್ರದಲ್ಲೇ ಕ್ರಿಂಪ್ ಮಾಡಿಸಿ. ಕಟಿಂಗ್ ಪ್ಲೇಯರಿನಲ್ಲಿ ಅಮುಕಿದ್ದು ಕ್ರಿಂಪ್ ಅಲ್ಲ. ಸೊಲಿನಾಯ್ಡ್ ಹತ್ತಿರದ ತುದಿಯಲ್ಲಿ 60 ಆಂಪಿನ ಫ್ಯೂಸ್ ಹಾಕಿ. ಆ ಕಾಲದ ಬಿಎಂಸಿ ವೈರಿಂಗ್‌ನಲ್ಲಿ ಫ್ಯೂಸ್ ಎನ್ನುವುದು ಎರಡೋ ಮೂರೋ ಇರುತ್ತಿತ್ತು, ಹೆಡ್‌ಲೈಟಿಗೂ ಇರುತ್ತಿರಲಿಲ್ಲ. ಆ ಧೈರ್ಯವನ್ನು ನಾವು ಮುಂದುವರಿಸಬೇಕಿಲ್ಲ. ಕೇಬಲ್ ಎಕ್ಸಾಸ್ಟ್ ಪೈಪಿನಿಂದ ದೂರವಿರಲಿ, ತಗಡಿನ ತೂತಿನಲ್ಲಿ ಹಾಯುವೆಡೆ ರಬ್ಬರ್ ಗ್ರೊಮೆಟ್ ಇರಲಿ.

ಡ್ಯಾಶ್‌ಬೋರ್ಡಿನಲ್ಲಿ ಆಂಪ್ ಮೀಟರ್ ಇದೆಯೇ? ಹಾಗಾದರೆ ಸೆಲ್ಫ್ ಮೋಟಾರಿನದು ಬಿಟ್ಟು ಇಡೀ ಗಾಡಿಯ ಕರೆಂಟು ಅದರ ಬೆನ್ನಿನ ಎರಡು ಪುಟ್ಟ ನಟ್ಟುಗಳ ಮೂಲಕವೇ ಹಾದುಹೋಗುತ್ತಿದೆ ಎಂದರ್ಥ. ಹಳೆಯ ಮೀಟರುಗಳು ಸಾಮಾನ್ಯವಾಗಿ 30 ಆಂಪಿನವರೆಗಿನವು. ಆಲ್ಟರ್ನೇಟರ್‌ನ ಕರೆಂಟನ್ನು ಅದರ ಮೂಲಕ ಕಳಿಸಿದರೆ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಮೇಲೆ ಹೇಳಿದಂತೆ ಕೇಬಲನ್ನು ನೇರ ಎಳೆದಾಗ ಚಾರ್ಜಿಂಗ್ ಕರೆಂಟು ಮೀಟರನ್ನು ಹಾಯುವುದಿಲ್ಲ. ಆದರೆ ದೀಪ, ಇಗ್ನಿಷನ್ನಿನ ಹೊರೆ ಅದರ ಮೂಲಕವೇ ಹೋಗುವುದರಿಂದ ಮುಳ್ಳು ಸದಾ ಮೈನಸ್ ಕಡೆಗೇ ವಾಲಿಕೊಂಡು ನಿಮ್ಮನ್ನು ಗಾಬರಿ ಮಾಡುತ್ತದೆ. ಅದರ ಎರಡು ವೈರುಗಳನ್ನು ಒಂದೇ ಬೋಲ್ಟಿಗೆ ಗಟ್ಟಿಯಾಗಿ ಕೂಡಿಸಿ, ಟೇಪು ಸುತ್ತಿ, ಮೀಟರನ್ನು ಅಲಂಕಾರಕ್ಕೆ ಬಿಡಿ. ಅದರ ಬದಲು ವೋಲ್ಟ್ ಮೀಟರ್ ಹಾಕಿಕೊಂಡರೆ ಬ್ಯಾಟರಿಯ ಯೋಗಕ್ಷೇಮ ಹೆಚ್ಚು ನಿಖರವಾಗಿ ತಿಳಿಯುತ್ತದೆ.

ಹಂತ 6: ಕಟೌಟ್ ಪೆಟ್ಟಿಗೆಗೆ ನಿವೃತ್ತಿ

ಆಲ್ಟರ್ನೇಟರ್‌ನ ರೆಗ್ಯುಲೇಟರ್ ಒಳಗೇ ಇರುವುದರಿಂದ, ಹಳೆಯ ಕಟೌಟ್‌ಗೆ ಇನ್ನು ಕೆಲಸವಿಲ್ಲ. ಬ್ಯಾಟರಿಯ ಕರೆಂಟು ಡೈನಮೋಗೆ ಹಿಮ್ಮುಖ ಹರಿಯದಂತೆ ತಡೆಯುವುದು ಅದರ ಒಂದು ಕೆಲಸವಾಗಿತ್ತು. ಈಗ ಅದನ್ನು ಡಯೋಡ್‌ಗಳೇ ಮಾಡುತ್ತವೆ. ಆದರೂ ಪೆಟ್ಟಿಗೆಯನ್ನು ಕಿತ್ತು ಎಸೆಯಬೇಡಿ. ವೈರುಗಳೆಲ್ಲ ಬಂದು ಸೇರುವ ಜಾಗ ಅದು, ಅಲ್ಲೇ ಇದ್ದರೆ ಗಾಡಿಯ ಮೂಲರೂಪವೂ ಉಳಿಯುತ್ತದೆ.

ಲೂಕಾಸ್ ಆರ್‌ಬಿ106 ಮಾದರಿಯಲ್ಲಿ ಐದು ಟರ್ಮಿನಲ್: ಎ, ಎ1, ಎಫ್, ಡಿ, ಇ. ಎ ಎಂದರೆ ಬ್ಯಾಟರಿ ಕಡೆಯಿಂದ ಬರುವ ವೈರು, ಎ1 ಎಂದರೆ ದೀಪ ಮತ್ತು ಇಗ್ನಿಷನ್‌ಗೆ ಹೋಗುವ ವೈರು. ಇವೆರಡನ್ನೂ ಪೆಟ್ಟಿಗೆಯಿಂದ ಕಳಚಿ ಒಟ್ಟಿಗೆ ಕೂಡಿಸಿ, ಚೆನ್ನಾಗಿ ಇನ್ಸುಲೇಟ್ ಮಾಡಿ. ಡಿಯಲ್ಲಿ ಎರಡು ವೈರು ಇರುತ್ತವೆ: ದಪ್ಪದ್ದು ಡೈನಮೋಗೆ ಹೋಗುವುದು, ತೆಳುವಾದ್ದು ಡ್ಯಾಶ್‌ಬೋರ್ಡಿನ ಕೆಂಪು ದೀಪದಿಂದ ಬರುವುದು. ಈ ತೆಳು ವೈರನ್ನು ಎಫ್ ವೈರಿಗೆ ಸೇರಿಸಿ. ಎಫ್ ವೈರು ಆಗಲೇ ಡೈನಮೋ ಇದ್ದ ಜಾಗದವರೆಗೆ ಹೋಗಿದೆಯಲ್ಲ, ಅದರ ಆ ತುದಿಯನ್ನು ಆಲ್ಟರ್ನೇಟರ್‌ನ ದೀಪದ ಟರ್ಮಿನಲ್ಲಿಗೆ ಕೊಡಿ. ಹೊಸ ವೈರು ಎಳೆಯದೆ ಕೆಲಸ ಮುಗಿಯಿತು. ದಪ್ಪದ ಡಿ ವೈರು ಈಗ ಅನಾಥ; ಎರಡೂ ತುದಿಗೆ ಟೇಪು ಸುತ್ತಿ ಹಾಗೇ ಬಿಡಿ, ಮುಂದೆಂದಾದರೂ ಡೈನಮೋ ವಾಪಸ್ ಹಾಕುವವರಿಗೆ ಬೇಕಾದೀತು. ಇ ವೈರನ್ನು ಮುಟ್ಟಬೇಡಿ. ನಿಮ್ಮ ಪೆಟ್ಟಿಗೆ ಆರ್‌ಬಿ340 ಆದರೆ ದೀಪದ ವೈರು ಡಬ್ಲ್ಯುಎಲ್ ಎಂಬ ಬೇರೆ ಟರ್ಮಿನಲ್ಲಿನಲ್ಲಿರುತ್ತದೆ, ಬ್ಯಾಟರಿಯ ವೈರುಗಳು ಬಿ ಎಂಬಲ್ಲಿ. ಉಳಿದದ್ದೆಲ್ಲ ಒಂದೇ.

ಆಲ್ಟರ್ನೇಟರ್‌ನ ಹಿಂದಿನ ಪ್ಲಗ್ಗಿನಲ್ಲಿ ಎರಡೋ ಮೂರೋ ಪಿನ್ ಇರುತ್ತವೆ. ಎಲ್ ಎಂದರೆ ದೀಪ, ಐಜಿ ಎಂದರೆ ಕೀ ಹಾಕಿದಾಗ ಬರುವ 12 ವೋಲ್ಟ್, ಎಸ್ ಎಂದರೆ ಬ್ಯಾಟರಿಯ ವೋಲ್ಟೇಜನ್ನು ನೋಡಿಕೊಳ್ಳುವ ಪಿನ್. ಲೂಕಾಸ್‌ನದಾದರೆ ದೀಪದ ಪಿನ್ನಿಗೆ ಐಎನ್‌ಡಿ ಎಂದು ಗುರುತು. ಐಜಿ ಇದ್ದರೆ ಫ್ಯೂಸ್ ಹಾಯ್ದು ಬಂದ ಇಗ್ನಿಷನ್ ವೈರಿನಿಂದ ಕೊಡಿ, ಎಸ್ ಇದ್ದರೆ ಸಣ್ಣ ಫ್ಯೂಸ್ ಇಟ್ಟು ಬ್ಯಾಟರಿಯ ಪ್ಲಸ್‌ಗೆ. ಪಿನ್‌ಗಳ ಸಾಲು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಊಹೆಯ ಮೇಲೆ ಕೊಡಬೇಡಿ.

ಆ ಕೆಂಪು ದೀಪದ ಬಗ್ಗೆ ಒಂದು ಮಾತು. ಅದು ಬರಿಯ ಎಚ್ಚರಿಕೆಯ ದೀಪವಲ್ಲ. ಇಂಥ ಬಹುಪಾಲು ಆಲ್ಟರ್ನೇಟರ್‌ಗಳು ಎಬ್ಬಿಸಿದರೆ ಏಳುವಂಥವು. ಕೀ ತಿರುಗಿಸಿದಾಗ ಆ ಬಲ್ಬಿನ ಮೂಲಕ ಬರುವ ಸಣ್ಣ ಕರೆಂಟೇ ರೋಟರನ್ನು ಎಬ್ಬಿಸುತ್ತದೆ. ಆದ್ದರಿಂದ ಅಲ್ಲಿ ಎರಡು ವ್ಯಾಟಿನ ಆಸುಪಾಸಿನ, ತಂತಿಯಿರುವ ಹಳೆಯ ಮಾದರಿಯ ಬಲ್ಬೇ ಇರಬೇಕು. ಎಲ್‌ಇಡಿ ಹಾಕಿದರೆ ಅದರಲ್ಲಿ ಹಾಯುವ ಕರೆಂಟು ಸಾಲದೆ ಆಲ್ಟರ್ನೇಟರ್ ಏಳದೇ ಇರಬಹುದು. ಬಲ್ಬ್ ಸುಟ್ಟುಹೋದರೂ ಅದೇ ಕಥೆ. ಬಲ್ಬನ್ನೇ ಬಿಟ್ಟು ಎಲ್ ಪಿನ್ನಿಗೆ ಇಗ್ನಿಷನ್ ವೈರನ್ನು ನೇರ ಕೊಟ್ಟವರ ಪಾಡು ಇನ್ನೂ ತಮಾಷೆ: ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡರೂ ಎಂಜಿನ್ ಓಡುತ್ತಲೇ ಇರಬಹುದು, ಏಕೆಂದರೆ ಆಲ್ಟರ್ನೇಟರ್ ಅದೇ ವೈರಿನಲ್ಲಿ ಹಿಮ್ಮುಖವಾಗಿ ಕಾಯಿಲ್‌ಗೆ ಕರೆಂಟು ಕೊಡುತ್ತಿರುತ್ತದೆ.

ಹಂತ 7: ಅರ್ತ್

ಎಲ್ಲರೂ ಬಿಟ್ಟುಬಿಡುವ ಹಂತ. ಎಂಜಿನ್ ಕುಳಿತಿರುವುದು ರಬ್ಬರ್ ಬುಷ್‌ಗಳ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ, ಅಥವಾ ಇರಬೇಕಿತ್ತು. ಹಳೆಯ ಗಾಡಿಗಳಲ್ಲಿ ಅದು ಹಸಿರುಗಟ್ಟಿ ಅರ್ಧ ಹರಿದಿರುತ್ತದೆ. ಹೊಸದು ಹಾಕಿ. ಅದು ಕೂರುವ ಎರಡೂ ಜಾಗದಲ್ಲಿ ಬಣ್ಣ, ತುಕ್ಕು, ಎಣ್ಣೆಜಿಡ್ಡು ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಬ್ಯಾಟರಿಯಿಂದ ಬಾಡಿಗೆ ಬರುವ ಕೇಬಲ್ಲಿನ ತುದಿಗೂ ಅದೇ ಉಪಚಾರ. ಚೆಂದಕ್ಕೆಂದು ಹೊಸ ಬ್ರಾಕೆಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಬೋಲ್ಟ್ ಕೂರುವ ಜಾಗದ ಬಣ್ಣ ಕೆರೆಯಿರಿ. ಆಲ್ಟರ್ನೇಟರ್‌ಗೆ ಅದರ ಮೈಯೇ ಅರ್ತ್.

ಹಂತ 8: ಮೊದಲ ಸ್ಟಾರ್ಟ್

ಬ್ಯಾಟರಿಯ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೈನಸ್ ಕ್ಲಾಂಪು ಮುಟ್ಟಿಸುವಾಗ ಜೋರು ಕಿಡಿ ಹಾರಿದರೆ ಅಲ್ಲೇ ನಿಲ್ಲಿಸಿ, ಎಲ್ಲೋ ಶಾರ್ಟ್ ಆಗಿದೆ ಅಥವಾ ಉಲ್ಟಾ ಆಗಿದೆ. ಇಲ್ಲದಿದ್ದರೆ ಮೀಟರ್ ಹಚ್ಚಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಕೀ ತಿರುಗಿಸಿ, ಕೆಂಪು ದೀಪ ಹತ್ತಬೇಕು. ಎಂಜಿನ್ ಶುರು ಮಾಡಿ, ಒಮ್ಮೆ ಸ್ವಲ್ಪ ಆಕ್ಸಿಲರೇಟರ್ ಒತ್ತಿದಾಗ ದೀಪ ಆರಬೇಕು. ಈಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಕಾಣಿಸಿದರೆ ಗೆದ್ದಿರಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ತಕ್ಷಣ ಎಂಜಿನ್ ಆರಿಸಿ, ಇಲ್ಲದಿದ್ದರೆ ಬ್ಯಾಟರಿ ಕುದಿಯುತ್ತದೆ.

ಹೆಡ್‌ಲೈಟ್, ವೈಪರ್ ಎಲ್ಲ ಹಾಕಿ ಮತ್ತೆ ನೋಡಿ, ಐಡಲಿಂಗ್‌ನಲ್ಲೂ 13ರ ಮೇಲೆ ನಿಲ್ಲಬೇಕು. ಎಂಜಿನ್ನನ್ನು ಸ್ವಲ್ಪ ಏರಿಸಿ ಹಿಡಿದು, ಅದೇ ಹೊರೆಯಲ್ಲಿ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರ್‌ನ ಬಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ ಇಡಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೇಬಲ್ ಅಥವಾ ಲಗ್ ಸರಿಯಿಲ್ಲ. ಆಲ್ಟರ್ನೇಟರ್‌ನ ಮೈಗೂ ಬ್ಯಾಟರಿಯ ಮೈನಸ್‌ಗೂ ಹಾಗೆಯೇ ನೋಡಿ, 0.2ಕ್ಕಿಂತ ಹೆಚ್ಚಾದರೆ ಏಳನೆಯ ಹಂತಕ್ಕೆ ವಾಪಸ್. ಈ ಎರಡು ಅಳತೆ ತೆಗೆಯದೆ ಕೆಲಸ ಮುಗಿಯಿತೆಂದು ಬಾನೆಟ್ ಮುಚ್ಚಬೇಡಿ. ಯಂತ್ರ ಎಷ್ಟು ಒಳ್ಳೆಯದಾದರೂ ಕರೆಂಟಿನ ದಾರಿ ಕೆಟ್ಟಿದ್ದರೆ ಅದು ಗೊತ್ತಾಗುವುದು ಇಲ್ಲಿ ಮಾತ್ರ.

ಮಾಡಬಾರದ್ದು

ಹಳೆಯ ಮೆಕ್ಯಾನಿಕ್‌ಗಳದ್ದೊಂದು ಪರೀಕ್ಷೆಯಿದೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು ನೋಡುವುದು. ಎಂಜಿನ್ ನಿಲ್ಲದಿದ್ದರೆ ಡೈನಮೋ ಚೆನ್ನಾಗಿದೆ ಎಂದು ತೀರ್ಪು. ಡೈನಮೋ ಅದನ್ನು ತಾಳಿಕೊಳ್ಳುತ್ತಿತ್ತು. ಆಲ್ಟರ್ನೇಟರ್ ಹಾಕಿದ ಗಾಡಿಯಲ್ಲಿ ಹೀಗೆ ಮಾಡಿದರೆ ಹಿಡಿದಿಡುವ ಬ್ಯಾಟರಿ ಇಲ್ಲದೆ ವೋಲ್ಟೇಜು ಒಮ್ಮೆಗೇ ಜಿಗಿದು ಡಯೋಡ್, ರೆಗ್ಯುಲೇಟರ್ ಹಾಳಾಗುತ್ತವೆ. ಗಾಡಿಯನ್ನು ಬೇರೆಯವರ ಕೈಗೆ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ, "ಅಣ್ಣಾ, ಇದಕ್ಕೆ ಆಲ್ಟರ್ನೇಟರ್ ಹಾಕಿದೆ, ಓಡುವಾಗ ಟರ್ಮಿನಲ್ ಕೀಳಬೇಡ" ಅಂತ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಆಲ್ಟರ್ನೇಟರ್‌ನ ವೈರುಗಳನ್ನೂ ಕಳಚಿಡಿ. ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಎರಡೆರಡು ಸಲ ನೋಡಿ. ಚಾರ್ಜು ಧಾರಾಳವಾಗಿದೆಯೆಂದು 100 ವ್ಯಾಟಿನ ಬಲ್ಬ್ ಹಾಕುವ ಹುಮ್ಮಸ್ಸು ಕೆಲವರಿಗೆ ಬರುತ್ತದೆ. ಅದು ಕಾನೂನಿಗೂ ವಿರುದ್ಧ, ಎದುರಿನವರ ಕಣ್ಣಿಗೂ ಶತ್ರು. ಇರುವ ಬಲ್ಬುಗಳಿಗೇ ಎರಡು ರಿಲೇ ಹಾಕಿಸಿ. ಹಳೆಯ ಸ್ವಿಚ್ಚಿನಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ದೀಪಕ್ಕೇ ಸಿಕ್ಕಿ ಬೆಳಕು ಎಷ್ಟು ಏರುತ್ತದೆ ಎಂದು ನಿಮಗೇ ಆಶ್ಚರ್ಯವಾದೀತು.

ಇಳಿಸಿದ ಡೈನಮೋವನ್ನು ಗುಜರಿಗೆ ಹಾಕಬೇಡಿ. 2021ರಲ್ಲಿ ಬಂದ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಗೆ ಗಾಡಿ ಐವತ್ತು ವರ್ಷ ದಾಟಿರಬೇಕು, ಮೂಲರೂಪದಲ್ಲಿ ಉಳಿದಿರಬೇಕು. ಆ ಹಾದಿ ಹಿಡಿಯುವ ಯೋಚನೆಯಿದ್ದರೆ ಆರ್‌ಟಿಓದಲ್ಲಿ ಮೊದಲೇ ವಿಚಾರಿಸಿಕೊಂಡು ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಡೈನಮೋ, ಅದರ ಬೋಲ್ಟು, ಪಟ್ಟಿ, ಬೆಲ್ಟು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಶಾಫ್ಟಿಗೆ ಸ್ವಲ್ಪ ಎಣ್ಣೆ ಸವರಿ, ನೀವು ತೆಗೆದ ವೈರಿನ ಫೋಟೋಗಳ ಪ್ರಿಂಟನ್ನೂ ಜೊತೆಗಿಡಿ.

ಹೊಸ ಬೆಲ್ಟ್ ಮೊದಲ ಕೆಲವು ದಿನಗಳಲ್ಲಿ ಹಿಗ್ಗುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಬ್ರಾಕೆಟ್ಟಿನ ಬೋಲ್ಟುಗಳಿಗೂ ಸ್ಪ್ಯಾನರ್ ಹಚ್ಚಿ, ದೂರದ ಓಟದಿಂದ ಬಂದ ತಕ್ಷಣ ಹೊಸ ಕೇಬಲ್ಲಿನ ಎರಡೂ ತುದಿ ಮುಟ್ಟಿ ನೋಡಿ. ಎಂಜಿನ್ನಿನ ಬಿಸಿಗಿಂತ ಹೆಚ್ಚಾಗಿ ಲಗ್ ಸುಡುತ್ತಿದ್ದರೆ ಆ ಕ್ರಿಂಪನ್ನು ಕತ್ತರಿಸಿ ಮತ್ತೆ ಮಾಡಿಸಿ.